ಜೆನೋವಾದಲ್ಲಿ ಚೆಲ್ಲಿದ ಎಣ್ಣೆ

ಸ್ಫಾಕ್ಸ್
ಮಾರ್ಚ್ ೧೯

ಪ್ರೀತಿಯ ಲುತ್ಫಿ ಅಣ್ಣನಿಗೆ, ತಲೆ ಎತ್ತಲಾರದ ತಂಗಿಯ ಸಲಾಮುಗಳು.

ಮೊದಲು ಇದನ್ನು ಓದು. ಅಮ್ಮನಿಗೆ ಏನೂ ಆಗಿಲ್ಲ. ಹಡಗಿನ ಟಿಕೆಟ್ ತೆಗೆಯಬೇಡ. ಅಲ್ಲಿ ನೆಲೆಸುವ ನಿನ್ನ ಪರವಾನಗಿ ಕೈಗೆ ಬರಲು ಇನ್ನೆರಡೇ ತಿಂಗಳಿದೆ. ಈಗ ಇಟಲಿ ಬಿಟ್ಟು ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ, ಏಳು ವರ್ಷ ಕಾದದ್ದೆಲ್ಲ ನೀರುಪಾಲು. ಅಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ನಾನು ಇದನ್ನು ಬರೆಯುವಾಗ ಅಂಗಳದಲ್ಲಿ ಪಕ್ಕದ ಮನೆಯ ಕೋಳಿಗಳಿಗೆ ಬೈಯುತ್ತಿದ್ದಾಳೆ.

ನಾನು ಜೆನೋವಾದಲ್ಲಿ ತಂದುಕೊಟ್ಟ ಅಮ್ಮನ ಬಾಟಲಿಯ ಎಣ್ಣೆ ತಿಂದು, ನಿನ್ನೆ ಫೋನಿನಲ್ಲಿ ನೀನು ಅಳುತ್ತಾ, "ಆ ಎಣ್ಣೇಲಿ ಅಮ್ಮನ ಕೈಯೇ ಇಲ್ಲ ಕಣೇ. ಅವಳು ಹಾಸಿಗೆ ಹಿಡಿದಿದ್ದಾಳೆ, ನೀವು ಮುಚ್ಚಿಡ್ತಿದ್ದೀರಿ" ಅಂದೆ. ಅಮ್ಮನೇ ಫೋನು ಕಸಿದುಕೊಂಡು ಚೆನ್ನಾಗಿದ್ದೀನಿ ಕಣೋ ಅಂದರೂ ನಂಬಲಿಲ್ಲ. "ಅಪ್ಪ ಸಾಯೋ ಮುಂಚೇನೂ ಹೀಗೇ ಅಂದಿದ್ರಿ" ಅಂದೆ. ನಿಜ ಹೇಳಲು ನಾನು ಎರಡು ಸಲ ಬಾಯಿ ತೆರೆದೆ, ಆದರೆ ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಅದಕ್ಕೇ ಈ ಕಾಗದ. ನಾಳೆಯ ಹಡಗಿಗೆ ಹೊರಟಿರುವ ಬಷೀರ್ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ತಿಂದದ್ದು ಅಮ್ಮನ ಎಣ್ಣೆ ಅಲ್ಲ ಅಣ್ಣ.

ಜೆನೋವಾದಲ್ಲಿ ಆಲಿವ್ ಎಣ್ಣೆಯವರ ಸಮ್ಮೇಳನ ಮುಗಿದ ಮರುದಿನ ಸಂಜೆ ಆರಕ್ಕೆ ಸಿಗೋಣ ಅಂದಿದ್ದೆನಲ್ಲ. ಅಲ್ಲಿವರೆಗೆ ಊರು ನೋಡೋಣ ಬಾ ಅಂತ ಓರ್ನೆಲ್ಲಾ ಕರೆದಳು. ಅವಳೂ ನನ್ನ ಹಾಗೆ ಆಲಿವ್ ಎಣ್ಣೆಯ ರುಚಿ ನೋಡಿ ದರ್ಜೆ ಕೊಡುವವಳು, ನನಗಿಂತ ಹೆಸರುವಾಸಿ. ಕಪ್ಪು-ಬಿಳಿ ಪಟ್ಟೆಯ ಚರ್ಚು, ಎದುರಿಗೆ ಒಬ್ಬರು ಬಂದರೆ ಗೋಡೆಗೆ ಒರಗಬೇಕಾದ ಓಣಿಗಳು, ಗುಡ್ಡಕ್ಕೆ ಹತ್ತಿಸುವ ಲಿಫ್ಟು, ನನಗೆ ಖುಷಿಯೋ ಖುಷಿ. ನನ್ನ ಭಾಷಣಕ್ಕೆ ಚಪ್ಪಾಳೆ ಬೇರೆ ಬಿದ್ದಿತ್ತು, ಕಾಲು ನೆಲದ ಮೇಲಿರಲಿಲ್ಲ. ಭಾಷಣ ಯಾವುದರ ಬಗ್ಗೆ ಗೊತ್ತಾ? ಆಲಿವ್ ಕಾಯಿ ಕಿತ್ತ ದಿನವೇ ಗಾಣಕ್ಕೆ ಹಾಕಬೇಕು, ಉಪ್ಪು ಬೆರೆಸಿ ಚೀಲದಲ್ಲಿ ವಾರಗಟ್ಟಲೆ ಇಡುವ ನಮ್ಮ ಹಳ್ಳಿಯವರ ಚಾಳಿ ಬಿಡಿಸಬೇಕು ಅಂತ. ನಮ್ಮಮ್ಮ ಇವತ್ತಿಗೂ ಮೂರು ವಾರ ಇಡುತ್ತಾಳೆ ಅನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಂದರಿನ ಮೆಟ್ಟಿಲ ಮೇಲೆ ಬ್ರೆಡ್ಡು ತಿನ್ನಲು ಕೂತೆವು. ನೀರು ತೆಗೆಯುವಾಗ, ಅಮ್ಮ ನಿನಗೆಂದು ತನ್ನ ತಲೆವಸ್ತ್ರದಲ್ಲಿ ಸುತ್ತಿಕೊಟ್ಟಿದ್ದ ಬಾಟಲಿ ಚೀಲದಿಂದ ಇಣುಕಿತು. "ಓಹೋ, ಮನೆ ಎಣ್ಣೆನಾ? ತೆಗಿ ತೆಗಿ" ಅಂದಳು ಓರ್ನೆಲ್ಲಾ. ಮುಚ್ಚಳ ತೆರೆದದ್ದೇ ತಡ, ಆ ಘಾಟು! ನಮ್ಮ ಅಡುಗೆಮನೆಯೇ ಎದ್ದು ಬಂದ ಹಾಗಾಯಿತು. ಅವಳು ಬ್ರೆಡ್ಡು ಅದ್ದಿ ಬಾಯಿಗಿಟ್ಟು ಮುಖ ಕಿವುಚಿದಳು. ಯಾರು ಮಾಡಿದ್ದು ಅಂತ ಕೇಳಿದಳು. "ಪಕ್ಕದ ಮನೆಯವರು ಯಾರಿಗೋ ತಲುಪಿಸು ಅಂತ ಕೊಟ್ಟಿದ್ದು, ನಮ್ಮದಲ್ಲಪ್ಪ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅಷ್ಟಕ್ಕೇ ನಿಲ್ಲಲಿಲ್ಲ, ಅವಳ ಕಣ್ಣೆದುರೇ ಎಲ್ಲವನ್ನೂ ಚರಂಡಿಗೆ ಸುರಿದೆ.

ಅವಳು ಹೋದ ಮೇಲೆ ಓಣಿಯ ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯ ಎಣ್ಣೆ ಕೊಂಡು, ಅದೇ ಬಾಟಲಿ ತೊಳೆದು ತುಂಬಿ, ಅದೇ ವಸ್ತ್ರ ಸುತ್ತಿದೆ. ರೈಲು ನಿಲ್ದಾಣದಲ್ಲಿ ನೀನು ಗಂಟೆ ಮುಂಚೆಯೇ ಬಂದು ನಿಂತಿದ್ದೆ. ಮೊದಲು ಆ ವಸ್ತ್ರವನ್ನು ಮೂಸಿದೆ. "ಇವತ್ತು ಮುಟ್ಟಲ್ಲ, ಭಾನುವಾರ ಸ್ನಾನ ಮಾಡಿ ಕೂತು ತಿಂತೀನಿ" ಅಂದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆದರೂ ನಾನು ಬಾಯಿ ಬಿಡಲಿಲ್ಲ.

ಕಾಗದದ ಜೊತೆ ಇನ್ನೊಂದು ಬಾಟಲಿ ಇದೆ. "ಅವನ ನಾಲಿಗೆ ಕೆಟ್ಟಿದೆ, ಇನ್ನೊಂದು ಸಲ ತಿಂದು ನೋಡ್ಲಿ" ಅಂತ ಅಮ್ಮನೇ ಜಾಡಿಯಿಂದ ಬಗ್ಗಿಸಿ ಕೊಟ್ಟಳು. ತಿಂದು ನೋಡು, ಅವಳು ಹೇಗಿದ್ದಾಳೆಂದು ನಿನಗೇ ತಿಳಿಯುತ್ತದೆ. ಬೈಯುವುದಿದ್ದರೆ ನನ್ನನ್ನು ಬೈ. ಅಮ್ಮನಿಗೆ ನಾನೇ ಹೇಳುತ್ತೇನೆ, ಸ್ವಲ್ಪ ಧೈರ್ಯ ಬರಲಿ. ನೀನು ಮಾತ್ರ ಅಲ್ಲೇ ಇರು.

ನಾಚಿಕೆಯಿಂದ,
ನಿನ್ನ ತಂಗಿ
ವಸೀಲಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಓರ್ನೆಲ್ಲಾ ಮುಖ ಕಿವುಚಲಿಲ್ಲ. ಕಣ್ಣು ಮುಚ್ಚಿ ಅಗಿದು, "ನಮ್ಮಜ್ಜಿ ಮನೇಲಿ ಹೀಗೇ ಇರ್ತಿತ್ತು ಕಣೇ, ಯಾರು ಮಾಡಿದ್ದು? ಇನ್ನೊಂಚೂರು ಹಾಕು" ಅಂತ ಬ್ರೆಡ್ಡು ಚಾಚಿದಳು. ಬೇಡ ಬೇಡ ಅಂತ ಅವಳು ಕೈ ಹಿಡಿದರೂ ಸುರಿದವಳು ನಾನು.