ನನ್ನ ಬಾಲ್ಕನಿಯ ವೈರು, ನಿಮ್ಮ ಮೇಜಿನ ಕಾಫಿ

ಬೀದಿ ಮೇಲ್ವಿಚಾರಣೆ ಕಚೇರಿಯ ಮುಖ್ಯಾಧಿಕಾರಿಗಳೇ,

ಬಾಲ್ಕನಿಯಿಂದ ನನ್ನ ಕಾರಿಗೆ ಇಳಿಬಿಟ್ಟ ಚಾರ್ಜಿಂಗ್ ವೈರನ್ನು ಗುರುವಾರದೊಳಗೆ ತೆಗೆಯದಿದ್ದರೆ ನೀವೇ ಕತ್ತರಿಸುವುದಾಗಿ ನೋಟಿಸು ಕಳಿಸಿದ್ದೀರಿ. ಅದು ಬೀದಿಯ ಅಂದ ಕೆಡಿಸುತ್ತದಂತೆ. ನಮ್ಮ ಗುಡ್ಡದ ಬೀದಿಯನ್ನು ಎಂದಾದರೂ ನೋಡಿದ್ದೀರಾ? ನೀರಿನ ಟ್ಯಾಂಕುಗಳು, ತುಕ್ಕು ಹಿಡಿದ ಡಿಶ್ಶುಗಳು, ಒಣಗಲು ಹಾಕಿದ ಚಡ್ಡಿಗಳು, ನಮ್ಮ ಮೆಟ್ಟಿಲ ಬುಡದಲ್ಲಿ ನಿಮ್ಮವರೇ ತೋಡಿ ಮೂರು ವರ್ಷದಿಂದ ಮರೆತಿರುವ ಗುಂಡಿ. ಇಷ್ಟರ ನಡುವೆ ಅಂದ ಕೆಟ್ಟಿದ್ದು ನನ್ನೊಂದು ವೈರಿನಿಂದ. ಮಕ್ಕಳು ಎಡವುತ್ತಾರೆ ಎಂದು ಬರೆದಿದ್ದರೆ ಒಪ್ಪುತ್ತಿದ್ದೆ. ಹಾಗಾಗಬಾರದೆಂದೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ವೈರನ್ನು ಗೋಡೆಗುಂಟ ಪೈಪಿನೊಳಗೆ ಇಳಿಸಿದ್ದೇನೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಈ ಅಮ್ಮಾನ್ ನಗರದ ಏರುಗಳಲ್ಲಿ ನಲವತ್ತೊಂದು ವರ್ಷ ಟ್ಯಾಕ್ಸಿ ಓಡಿಸಿದ್ದೇನೆ. ಕಳೆದ ವರ್ಷ ಹಳೆಯ ಗಾಡಿ ಮಾರಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಂದಾಗ ಪಕ್ಕದ ಮನೆಯ ಅಬೂ ವಜ್ದಿ ಸುತ್ತ ತಿರುಗಿ ನೋಡಿ, "ಇದೇನಪ್ಪಾ ಅಬೂ ಗಾಲಿಬ್, ಕಾರೋ ಫ್ರಿಜ್ಜೋ? ಸದ್ದೇ ಇಲ್ವಲ್ಲ" ಎಂದ.

"ಫ್ರಿಜ್ಜಾದ್ರೆ ಗುಂಯ್ ಅನ್ನುತ್ತೆ ಕಣೋ, ಇದು ಅದೂ ಅನ್ನಲ್ಲ" ಎಂದೆ.

ಹೆಂಡತಿಗೆ ಇದೇ ಕಿರಿಕಿರಿ. ಮೊದಲೆಲ್ಲ ಏರಿನ ಬುಡದಲ್ಲಿ ಗಾಡಿ ಗೊರಗುಟ್ಟಿದ ಕೂಡಲೇ ಒಲೆಗೆ ಕಾಫಿ ಇಡುತ್ತಿದ್ದಳು. ಈಗ ನಾನು ಬಾಗಿಲಲ್ಲಿ ನಿಂತರೆ ಬೆಚ್ಚಿಬೀಳುತ್ತಾಳೆ. "ಕಳ್ಳನ ಹಾಗೆ ಬರಬೇಡ್ರೀ, ಹಾರ್ನ್ ಹೊಡೀರಿ" ಎನ್ನುತ್ತಾಳೆ. ಹಾಗಾಗಿ ನನ್ನ ಮನೆಗೆ ನಾನೇ ಹಾರ್ನ್ ಹೊಡೆದು ಬರುತ್ತೇನೆ. ಅದಕ್ಕೂ ನೋಟಿಸು ಇದ್ದರೆ ಕಳಿಸಿ.

ಆದರೆ ಈ ಕಾರು ತಂದಿದ್ದು ಅವಳಿಗಾಗಿಯೇ. ಅವಳ ಅಕ್ಕ ಫಿದ್ದಾ ಇರುವುದು ಮಾದಬಾದಲ್ಲಿ. ಎರಡೂ ಕಣ್ಣು ಹೋಗಿವೆ. ಇವಳ ಮಂಡಿ ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಪೆಟ್ರೋಲ್ ಗಾಡಿ ಇದ್ದಾಗ ಖರ್ಚಿಗೆ ಹೆದರಿ ವರ್ಷಕ್ಕೆರಡು ಸಲ, ಹಬ್ಬಕ್ಕೆ ಮಾತ್ರ ಹೋಗುತ್ತಿದ್ದೆವು. ಈಗ ಪ್ರತಿ ಶುಕ್ರವಾರ. ಅಕ್ಕ ತನ್ನ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಸವರಿ, "ದಪ್ಪ ಆಗಿದ್ದೀಯ ಕಣೇ" ಎನ್ನುತ್ತಾಳೆ. ಅಲ್ಲಿಂದ ಶುರುವಾದ ಜಗಳ ಊಟದ ತನಕ ನಡೆಯುತ್ತದೆ. ಇಬ್ಬರಿಗೂ ವಾರವಿಡೀ ಅದೇ ಔಷಧಿ. ಗುರುವಾರ ವೈರು ಸಿಕ್ಕಿಸಿದರೆ ತಾನೇ ಶುಕ್ರವಾರ ಮಾದಬಾ? ಸಾರ್ವಜನಿಕ ಚಾರ್ಜಿಂಗ್ ಜಾಗಕ್ಕೆ ಹೋಗಿ ಎನ್ನುತ್ತದೆ ನಿಮ್ಮ ನೋಟಿಸು. ಹೋಗಿ ನೋಡಿ. ಬೆಳಿಗ್ಗೆ ಸರದಿಯಲ್ಲಿ ನಿಂತರೆ ಸಂಜೆಯ ನಮಾಜಿಗೆ ನಿಮ್ಮ ಪಾಳಿ.

ಇನ್ನು ನೋಟಿಸು ತಂದ ನಿಮ್ಮ ಇನ್ಸ್‌ಪೆಕ್ಟರನ ಕತೆ ಕೇಳಿ. ಅವನದೂ ಎಲೆಕ್ಟ್ರಿಕ್ ಕಾರು. ನಮ್ಮ ಏರು ಹತ್ತುವಷ್ಟರಲ್ಲಿ ಅದರ ಜೀವ ಬಾಯಿಗೆ ಬಂದಿತ್ತು. ಮೂರು ಮಹಡಿ ಹತ್ತಿ ಬಂದು ಬೆವರೊರೆಸಿಕೊಂಡ.

"ಹಾಜಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಗಾಡಿ ನಾಲ್ಕು ಪರ್ಸೆಂಟಿಗೆ ಬಂದಿದೆ."

"ಕೈಯಲ್ಲಿರೋ ನೋಟಿಸು ಯಾತಕ್ಕೆ?"

"ವೈರು ತೆಗೆಯೋಕೆ."

"ಚಾರ್ಜು ಯಾವುದರಿಂದ ಬೇಕು?"

ಅವನು ನೆಲ ನೋಡಿದ. "ಅದರಿಂದಾನೇ."

ಬಾಗಿಲಿಗೆ ಬಂದವನಿಗೆ ಇಲ್ಲ ಎನ್ನಲು ನನಗೆ ನನ್ನಪ್ಪ ಕಲಿಸಿಲ್ಲ. ನಾಲ್ಕು ಗಂಟೆ ಕೂತ. ಹೆಂಡತಿ ಅನ್ನ, ಮಾಂಸ ಸೇರಿಸಿ ಬೇಯಿಸಿದ ಮಖ್ಲೂಬಾದ ಪಾತ್ರೆಯನ್ನು ತಟ್ಟೆಗೆ ಬೋರಲು ಹಾಕಿದಳು. ಎರಡು ಸಲ ಬಡಿಸಿಕೊಂಡು ತಿಂದ, ನನ್ನ ದಿಂಬಿನ ಮೇಲೆಯೇ ಮಲಗಿದ. ಗಾಡಿ ಮೂವತ್ತಕ್ಕೆ ಏರಿದ ಮೇಲೆ ಎದ್ದು, ನೋಟಿಸು ನನ್ನ ಕೈಗಿಟ್ಟು, "ವೈರು ಗಟ್ಟಿಯಾಗಿದೆ ಹಾಜಿ, ಎಲ್ಲಿ ತಗೊಂಡ್ರಿ?" ಎಂದು ಕೇಳಿ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹಸಿದಿದ್ದ.

ಸಿಟ್ಟು ನಿಮ್ಮ ಮೇಲೆ. ಮರುದಿನ ನಿಮ್ಮ ಕಚೇರಿಗೆ ಬಂದೆ. ಕೂರಿಸಿ ಕಾಫಿ ತರಿಸಿದಿರಿ. ನಾನು ಬಟ್ಟಲನ್ನು ತುಟಿಗೆ ತಾಗಿಸದೆ ನಿಮ್ಮ ಮೇಜಿನ ಮೇಲೆ ಇಟ್ಟೆ. ಅದರ ಅರ್ಥ ತಿಳಿಯದವರಂತೆ ನಟಿಸಬೇಡಿ. ಮಗನಿಗೆ ಹೆಣ್ಣು ಕೇಳಲು ಹೋದಾಗ ನೀವೂ ಹೀಗೇ ಬಟ್ಟಲು ಕೆಳಗಿಟ್ಟು, ಆ ಮನೆಯ ಹಿರಿಯರು "ಕುಡೀರಿ, ಕೇಳಿದ್ದು ಕೊಟ್ಟಾಯ್ತು" ಎನ್ನುವ ತನಕ ಬಾಯಾರಿ ಕೂತವರೇ. ನನಗೆ ನೀವೇನು ಹೇಳಿದಿರಿ? "ಸಕ್ಕರೆ ಕಮ್ಮಿ ಆಯ್ತಾ ಹಾಜಿ?" ಎಂದಿರಿ. ಅಷ್ಟರಲ್ಲಿ ಫೋನು ಬಂತು. ಎದ್ದು ಹೋದಿರಿ, ಮತ್ತೆ ಬರಲಿಲ್ಲ. ಕಾಫಿ ಆರಿ ತಣ್ಣಗಾಗುವುದನ್ನು ನೋಡುತ್ತ ಒಂದು ಗಂಟೆ ಕೂತಿದ್ದೆ.

ನಾನು ಕೇಳುವುದು ಹೆಚ್ಚೇನಲ್ಲ. ನಮ್ಮ ಮೆಟ್ಟಿಲ ಬುಡದಲ್ಲಿ ಬೀದಿಯವರಿಗೆಲ್ಲ ಆಗುವಂತೆ ಒಂದು ಚಾರ್ಜಿಂಗ್ ಕಂಬ ನೆಡಿಸಿ. ಗುಂಡಿ ಆಗಲೇ ತೋಡಿ ಇಟ್ಟಿದ್ದೀರಿ. ಕಂಬ ನಿಂತ ದಿನ ವೈರನ್ನು ನಾನೇ ಸುತ್ತಿ ಒಳಗಿಡುತ್ತೇನೆ. ಅಲ್ಲಿಯವರೆಗೆ ಅದಕ್ಕೆ ಕತ್ತರಿ ತಾಗಕೂಡದು.

ಗುರುವಾರ ಬೆಳಿಗ್ಗೆ ಮತ್ತೆ ಬರುತ್ತೇನೆ. ಕಾಫಿ ತರಿಸಿ. ಬಟ್ಟಲು ಕೆಳಗಿಡುತ್ತೇನೆ, "ಕುಡೀರಿ" ಎಂದು ನೀವು ಹೇಳುವ ತನಕ ಏಳುವುದಿಲ್ಲ. ಏಕೆಂದರೆ ಶುಕ್ರವಾರ ಮಾದಬಾದಲ್ಲಿ ಕಣ್ಣಿಲ್ಲದ ಒಬ್ಬಳು ಬಾಗಿಲಲ್ಲಿ ನಿಂತಿರುತ್ತಾಳೆ. ನಮ್ಮ ಕಾರು ಬಂದದ್ದು ಅವಳಿಗೆ ಕೇಳಿಸುವುದಿಲ್ಲ. ಅದಕ್ಕೇ ಬೆಳಿಗ್ಗೆಯಿಂದಲೇ ಕೈ ಚಾಚಿಕೊಂಡು ನಿಲ್ಲುತ್ತಾಳೆ.

ಇಂತಿ,
ನಿಮ್ಮ ಕಾಫಿಯ ರುಚಿ ಇನ್ನೂ ನೋಡದ
ಅಬೂ ಗಾಲಿಬ್
ಮೂರನೇ ಮಹಡಿ, ವೈರು ಇಳಿಬಿಟ್ಟ ಮನೆ