ಕಣ್ಣ ಮುಂದಿನ ಮಿಣುಕು

ಮಾರ್ಚ್ 6

ಅಂಗಡಿಗೆ ಅರ್ಧ ದಿನ ರಜೆ ಹೇಳಿದೆ. ಹಲ್ಲುನೋವು ಅಂತ. ಮಾಲೀಕರು "ಎಡಗಡೆನಾ, ಬಲಗಡೆನಾ?" ಅಂದರು. ಯೋಚಿಸಬೇಕಾಯಿತು.

ಕನ್ನಡಕದಂಗಡಿಯ ಕತ್ತಲೆ ಕೋಣೆಯಲ್ಲಿ ನಿಂತು ಬಂದವರ ಕಣ್ಣು ಪರೀಕ್ಷಿಸುವುದು ನನ್ನ ಕೆಲಸ. ದಿನವಿಡೀ ಪ್ರಶ್ನೆ ಕೇಳುವವಳು ನಾನು. ಇವತ್ತು ಉತ್ತರ ಹೇಳುವ ಸರದಿ. ಆಸ್ಪತ್ರೆಯ ಹಿಂಭಾಗದಲ್ಲಿ ಮಿಡ್‌ವೈಫ್ ಕೋಣೆ. ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಾರೆ. ಐವತ್ತರ ಹೆಂಗಸು. ಕನ್ನಡಕ ಮೂಗಿನ ತುದಿಗೆ ಜಾರುತ್ತಲೇ ಇತ್ತು — ಸ್ಕ್ರೂ ಬಿಗಿ ಮಾಡಿಕೊಡೋಣ ಅಂತ ಕೈ ತುರಿಸಿತು.

ಎತ್ತರ, ತೂಕ, ಬಿಪಿ, ರಕ್ತ. ಪುಟ್ಟ ಡಬ್ಬಿಯಲ್ಲಿ ಮೂತ್ರ. ಆಮೇಲೆ ಪ್ರಶ್ನೆಗಳ ಸುರಿಮಳೆ. ಕೊನೆಯ ಮುಟ್ಟು ಯಾವಾಗ, ಯಾವ ಮಾತ್ರೆ ತಗೋತೀರಿ, ಮನೆಯಲ್ಲಿ ನೆಮ್ಮದಿಯಾಗಿದ್ದೀರಾ...

"ತಾಯಿಗೆ, ಅಕ್ಕ-ತಂಗೀರಿಗೆ ಬಸುರಲ್ಲಿ ಬಿಪಿ ಏನಾದ್ರೂ ಏರಿತ್ತಾ?"

"ಇಲ್ಲ" ಅಂದೆ. ತಡವರಿಸಲೂ ಇಲ್ಲ. ನಿಜವಾಗಿ ನನಗೆ ಗೊತ್ತೇ ಇಲ್ಲ. ಆರು ವರ್ಷದ ಹಿಂದೆ ಅಕ್ಕ ತುಂಬಿದ ಹೊಟ್ಟೆ ಹೊತ್ತು ಇದೇ ಆಸ್ಪತ್ರೆಗೆ ಬಂದಳು, ಬರಿಗೈಯಲ್ಲಿ ವಾಪಸಾದಳು. ಏನಾಯಿತು ಅಂತ ಯಾರೂ ಕೇಳಲಿಲ್ಲ. "ಅವಳ ಮುಂದೆ ಆ ಮಾತು ಎತ್ತಿದ್ರೆ ನೋಡು" ಅಂದಿದ್ದಳು ಅಮ್ಮ. ಆಮೇಲೆ ಅಮ್ಮನೂ ಹೋದಳು. ಮಾತು ಎತ್ತುವವರೇ ಇಲ್ಲ.

ಅಕ್ಕನಿಗೆ ಹೇಗೆ ಹೇಳಲಿ?

ಏಪ್ರಿಲ್ 17

ರಕ್ತದ ರಿಪೋರ್ಟು ಸರಿ ಇದೆ. ಕಬ್ಬಿಣದ ಅಂಶ ಕಮ್ಮಿ, ಮಾತ್ರೆ ಬರೆದರು. ಇವತ್ತು ಇವರೂ ಬಂದಿದ್ದರು. ರಾತ್ರಿ ಬಸ್ಸಿನ ಡ್ಯೂಟಿ ಮುಗಿಸಿ ನೇರ ಬಂದವರು, ಕಾರಿಡಾರಿನ ಬೆಂಚಿನಲ್ಲಿ ಕೂತಲ್ಲೇ ಗೊರಕೆ. ಎಬ್ಬಿಸಿ ಒಳಗೆ ಕರೆದೆ.

ಸಿಸ್ಟರ್ ಹೊಟ್ಟೆಗೆ ತಣ್ಣಗಿನ ಜೆಲ್ ಹಚ್ಚಿ ಪುಟ್ಟ ಯಂತ್ರ ಒತ್ತಿದರು. ಗರಗರ... ಏನೂ ಇಲ್ಲ... ಮತ್ತೆ ಗರಗರ. ಆಮೇಲೆ ಸಿಕ್ಕಿತು. ಒದ್ದೆ ಚಪ್ಪಲಿ ಹಾಕಿಕೊಂಡು ಯಾರೋ ಓಡುತ್ತಿರುವ ಹಾಗೆ.

"ಇಷ್ಟು ಸ್ಪೀಡಾ?" ಇವರ ನಿದ್ದೆ ಹಾರಿಹೋಯಿತು.

"ಹಾಗೇ ಇರ್ಬೇಕು ಸಾರ್. ಇದಕ್ಕೆ ಬ್ರೇಕ್ ಹಾಕೋಕಾಗಲ್ಲ."

ಮನೆಯಲ್ಲಿ ಅತ್ತೆಗೆ ಎಲ್ಲ ವರದಿ ಒಪ್ಪಿಸಿದೆ. "ನಾನು ನಾಲ್ಕು ಹೆತ್ತೆ. ಯಾವ ಸೂಲಗಿತ್ತೀನೂ ನನ್ನ ಉಚ್ಚೆ ಕೇಳ್ಲಿಲ್ಲಮ್ಮ" ಅಂದರು.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಅವಳ ಕೆಲಸ, ನನ್ನ ಕೆಲಸ, ನೀರಿನ ತಾಪತ್ರಯ. ಅದೊಂದು ಬಿಟ್ಟು ಎಲ್ಲ ಮಾತಾಡಿದೆವು.

ಜೂನ್ 22

ಆಗಬಾರದ್ದು ಆಯಿತು. ಅಂಗಡಿಗೆ ಅಕ್ಕ ಬಂದಳು. ಸಮವಸ್ತ್ರದ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು, ಹತ್ತಿರದ್ದು ಕಾಣಿಸುತ್ತಿಲ್ಲವಂತೆ. ನಾನು ಕೌಂಟರಿನ ಹಿಂದೆಯೇ ನಿಂತೆ, ಕದಲಲಿಲ್ಲ. ಪರೀಕ್ಷೆ ಮಾಡಬೇಕಲ್ಲ — ಈಚೆ ಬರಲೇಬೇಕಾಯಿತು. ಮನುಷ್ಯರ ಅಳತೆ ಕಣ್ಣಲ್ಲೇ ತೆಗೆಯುವವಳಿಂದ ಹೊಟ್ಟೆ ಎಲ್ಲಿ ಮುಚ್ಚಿಡಲಿ?

"ಎಷ್ಟು ತಿಂಗಳು?"

"ಆರು ನಡೀತಿದೆ ಅಕ್ಕ. ಹೇಳ್ಬೇಕು ಅಂತಾನೇ..."

"ಆಯ್ತು ಬಿಡು."

ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. "ಇನ್ನೊಂದಿನ ಬರ್ತೀನಿ" ಅಂದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ತಿರುಗಿ ನೋಡುತ್ತಾಳೆ ಅಂದುಕೊಂಡೆ. ನೋಡಲಿಲ್ಲ.

ಜುಲೈ 10

ಟೇಪು ಹಿಡಿದು ಹೊಟ್ಟೆ ಅಳೆದರು. ಬೆಳವಣಿಗೆ ಸರಿಯಾಗಿದೆ. ಮತ್ತೆ ರಕ್ತ. ಬಿಪಿ ನಾರ್ಮಲ್. ಹೊರಡುವಾಗ ಸಿಸ್ಟರ್ ಕೂರಿಸಿ ಹೇಳಿದರು — "ಜೋರು ತಲೆನೋವು, ಕಣ್ಣ ಮುಂದೆ ಮಿಣುಕು, ಮುಖ ಊದೋದು, ಪಕ್ಕೆ ಕೆಳಗೆ ನೋವು. ಮಗು ಆಡೋದು ಕಮ್ಮಿ ಆಗೋದು. ಇದ್ರಲ್ಲಿ ಒಂದು ಬಂದ್ರೂ ಮುಂದಿನ ತಾರೀಖಿಗೆ ಕಾಯ್ಬೇಡಿ. ಸೀದಾ ಬನ್ನಿ. ಸಣ್ಣದು ಅನ್ಸಿದ್ರೂ ಬನ್ನಿ, ನಾನೇನೂ ಬೈಯಲ್ಲ."

ತಲೆಯಾಡಿಸಿದೆ. ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಜುಲೈ 31

ಬಿಪಿ ಸ್ವಲ್ಪ ಮೇಲೆ. "ಓಡಿ ಬಂದ್ರಾ?" ಅಂದರು. ಹೂಂ, ಬಸ್ಸು ತಪ್ಪೋದ್ರಲ್ಲಿತ್ತು ಅಂದೆ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು. ಇಳಿದಿದೆ, ಆದರೆ ಪೂರ್ತಿ ಅಲ್ಲ. ಮೂತ್ರದಲ್ಲಿ ಏನೂ ಇಲ್ಲ. ವಾರ ಬಿಟ್ಟು ಬರಬೇಕು.

ನಾನು ಬಸ್ಸಿಗೆ ಓಡಿರಲಿಲ್ಲ. ನಿಲ್ದಾಣದಲ್ಲಿ ಕಾದು ಕಾದು ಸಾಕಾಗಿತ್ತು.

ಆಗಸ್ಟ್ 5

ಮಧ್ಯಾಹ್ನ ಗಿರಾಕಿಯೊಬ್ಬರಿಗೆ ಅಕ್ಷರ ಓದಿಸುತ್ತಿದ್ದೆ. ಗೋಡೆಯ ಮೇಲಿನ ಅಕ್ಷರಗಳ ನಡುವೆ ಬೆಳ್ಳಿಯ ಚೂರು ಹಾರಿದ ಹಾಗೆ. ಕಣ್ಣುಜ್ಜಿಕೊಂಡೆ. ಮತ್ತೆ ಬಂತು. ಅಂಗಡಿ ಖಾಲಿಯಾದ ಮೇಲೆ ಜೊತೆಯವಳನ್ನು ಕರೆದು ನನ್ನ ಕಣ್ಣು ನೋಡಿಸಿದೆ. "ಕಣ್ಣಿಗೇನೂ ಆಗಿಲ್ಲ ಕಣೇ, ಚೆನ್ನಾಗಿದೆ" ಅಂದಳು.

ಚೆನ್ನಾಗಿದೆ ಅಂದದ್ದಕ್ಕೇ ಹೆದರಿಕೆ. ತೊಂದರೆ ಕಣ್ಣಿನದಲ್ಲ ಅಂತಾಯಿತಲ್ಲ.

ಅತ್ತೆ "ನಿದ್ದೆ ಸಾಲ್ದು, ಮಲ್ಕೋ" ಅಂದರು. ಮಲಗಿದೆ. ಸಿಸ್ಟರ್ ಹೇಳಿದ್ದು ನೆನಪಿದೆ, ಮಾತು ಮಾತೂ ನೆನಪಿದೆ. ಹೋದರೆ ಇಟ್ಟುಕೊಳ್ಳುತ್ತಾರೆ. ಅಕ್ಕನನ್ನೂ ಇಟ್ಟುಕೊಂಡಿದ್ದರು. ಆಮೇಲೆ...

ನಾಡಿದ್ದು ಹೇಗೂ ತಾರೀಖಿದೆ. ಮಗು ಒದೆಯುತ್ತಿದೆ. ಒದೆಯುತ್ತಿದೆಯಲ್ಲ.

ಆಗಸ್ಟ್ 6

ಕರೆಯದೆ ಅಕ್ಕ ಬಂದಳು, ಬೆಳಿಗ್ಗೆಯೇ. ಕೆಲಸಕ್ಕೆ ಹೋಗುವ ಸೀರೆಯಲ್ಲಿ, ಕೈಯಲ್ಲಿ ಹಣ್ಣಿನ ಚೀಲ. ಬಾಗಿಲು ತೆರೆದ ನನ್ನ ಮುಖ ನೋಡಿ ಅಲ್ಲೇ ನಿಂತಳು.

"ಮುಖ ಯಾಕೆ ಹೀಗೆ ಊದಿದೆ?"

"ನಿದ್ದೆ ಇಲ್ಲ ಅಕ್ಕ."

"ಉಂಗುರ ಎಲ್ಲಿ?"

"ಬಿಗಿಯಾಗ್ತಿತ್ತು. ತೆಗೆದಿಟ್ಟೆ."

ಚೀಲ ಕೆಳಗಿಟ್ಟಳು. ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದಳು. "ಕಣ್ಣ ಮುಂದೆ ಏನಾದ್ರೂ ಕಾಣುತ್ತಾ? ಮಿಂಚು ಥರ? ಸುಳ್ಳು ಹೇಳ್ಬೇಡ."

ಅಳು ಬಂದುಬಿಟ್ಟಿತು. ಅಳುವುದರಲ್ಲೇ ಉತ್ತರ ಇತ್ತು.

"ನಂಗೂ ಕಂಡಿತ್ತು" ಅಂದಳು. "ಸೆಖೆ ಅಂದ್ಕೊಂಡು ಸುಮ್ನಿದ್ದೆ. ಆಸ್ಪತ್ರೆಗೆ ಹೋಗೋ ಹೊತ್ಗೆ ಒಳಗೆ ಎಲ್ಲ ಮುಗಿದಿತ್ತು. ಆಸ್ಪತ್ರೆಯವರು ಏನೂ ಮಾಡ್ಲಿಲ್ಲ ಕಣೇ, ಮಾಡೋಕೆ ಏನೂ ಉಳಿದಿರ್ಲಿಲ್ಲ."

"ನಮ್ಗ್ಯಾಕೆ ಹೇಳ್ಲಿಲ್ಲ ಅಕ್ಕ?"

"ಯಾರಾದ್ರೂ ಕೇಳ್ತೀರಿ ಅಂತ ಕಾದೆ. ಅಮ್ಮ ಕೇಳ್ಲಿಲ್ಲ, ನೀನು ಕೇಳ್ಲಿಲ್ಲ. ಮನೆಗೆ ಬಂದೋರೆಲ್ಲ ಕಾಫಿ ಕುಡಿದು ಹೋದ್ರು."

ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಳಗೆ ಹೋಗಿ ಮಗನನ್ನು ಎಬ್ಬಿಸಿದರು.

ಟ್ಯಾಕ್ಸಿಯಲ್ಲಿ ಅಕ್ಕ ನನ್ನ ಕೈ ಬಿಡಲಿಲ್ಲ. ಸಿಸ್ಟರ್ ಬಿಪಿ ನೋಡಿದರು, ಇನ್ನೊಂದು ಕೈಯಲ್ಲಿ ನೋಡಿದರು. ಮೂತ್ರದ ಪಟ್ಟಿ ಹಸಿರಿಗೆ ತಿರುಗಿತು, ಪ್ರೋಟೀನ್ ಹೋಗುತ್ತಿದೆಯಂತೆ. ಯಾವಾಗಿನಿಂದ ಮಿಣುಕು ಅಂತ ಕೇಳಿದರು. ನಿನ್ನೆಯಿಂದ ಅಂದೆ. ನನ್ನ ಭುಜ ತಟ್ಟಿದರು. "ಬಂದ್ರಲ್ಲ. ಇವತ್ತು ಮನೆಗೆ ಹೋಗೋದು ಬೇಡ."

ಅಕ್ಕ ಸಿಸ್ಟರ್‌ಗೆ ತಾನಾಗಿಯೇ ಹೇಳಿದಳು — "ನಂಗೂ ಹೀಗೇ ಆಗಿತ್ತು. ಬರ್ಕೊಳ್ಳಿ."

ಆಗಸ್ಟ್ 8

ವಾರ್ಡು. ಕಿಟಕಿಗೆ ಪರದೆ, ಹೆಚ್ಚು ಬೆಳಕು ಬೇಡವಂತೆ. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತೊಡೆಗೆ ಇಂಜೆಕ್ಷನ್. ಕೈಗೆ ಹರಿಯುವ ಔಷಧಿ ಮೈಯೆಲ್ಲ ಕಾವೇರಿಸುತ್ತದೆ. ಬಿಪಿ ಇಳಿಯುತ್ತಿಲ್ಲ. ಡಾಕ್ಟರ್ ಬಂದು "ಇನ್ನು ಕಾಯೋದು ಇಬ್ಬರಿಗೂ ಒಳ್ಳೇದಲ್ಲ" ಅಂದರು.

ಇವರು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಎರಡು ಸಲ.

ಅಕ್ಕ ಎಲ್ಲಿ ಅಂದೆ. ಕೆಳಗೆ, ಗೇಟಿನ ಹತ್ತಿರ ನಿಂತಿದ್ದಾಳಂತೆ. ಈ ಮಹಡಿಗೆ ಬರಲ್ಲವಂತೆ.

ಆಗಸ್ಟ್ 13

ಅಕ್ಷರಗಳು ಸೊಟ್ಟಗೆ ಬರುತ್ತಿವೆ. ಹೊಲಿಗೆ ಎಳೆಯುತ್ತದೆ.

ಹೆಣ್ಣು. ಹುಟ್ಟಿದಾಗ ಬೆಕ್ಕಿನಮರಿ ಹಾಗೆ ಒಂದೇ ಒಂದು ಸದ್ದು. ಎತ್ತಿಕೊಂಡು ಹೋದರು. ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ, ಮೂಗಿಗೆ ನಳಿಗೆ, ಕಾಲಿಗೆ ಪಟ್ಟಿ. ಇವರ ಹೆಬ್ಬೆರಳಷ್ಟು ಪಾದ. ಉಳೀತಾಳಾ ಅಂತ ಕೇಳಿದೆ. "ಇವತ್ತು ಚೆನ್ನಾಗಿದ್ದಾಳೆ" ಅಂದರು ನರ್ಸ್. ಅಷ್ಟೇ ಹೇಳುತ್ತಾರೆ. ನಿನ್ನೆಯೂ ಅಷ್ಟೇ ಹೇಳಿದ್ದರು.

ಅತ್ತೆ ಗಾಜಿಗೆ ಮುಖ ಒತ್ತಿ "ಇಷ್ಟು ಪುಟ್ಟದ್ದು ನಾನು ಕಂಡೇ ಇಲ್ಲಮ್ಮ" ಅಂತ ಅತ್ತರು, ನಕ್ಕರು.

ಆಗಸ್ಟ್ 17

ನಳಿಗೆ ತೆಗೆದರು. ತಾನೇ ಉಸಿರಾಡುತ್ತಿದ್ದಾಳೆ. ನನ್ನ ಬಿಪಿ ಇನ್ನೂ ಹಟ ಬಿಟ್ಟಿಲ್ಲ. ಮಗುವನ್ನು ಎದೆಗೊರಗಿಸಿಕೊಂಡು ಬಿಸಿ ಕೊಡಬೇಕು, ಸರದಿಯ ಮೇಲೆ ಯಾರಾದರೂ ಆಗಬಹುದು, ಕೈ ತೊಳೆದಿದ್ದರೆ ಸಾಕು ಅಂದರು ನರ್ಸ್. ಇವರು ಡ್ಯೂಟಿಗೆ ಹೋಗಿದ್ದಾರೆ. ನನಗೆ ತಲೆ ಸುತ್ತು.

ಅಕ್ಕನಿಗೆ ಫೋನ್ ಮಾಡಿದೆ. "ನನ್ ಕೈ ಬೇಡ ಕಣೇ" ಅಂದಳು. "ಇನ್ಯಾರ ಕೈ ಅಕ್ಕ?" ಅಂದೆ. ಇಟ್ಟುಬಿಟ್ಟಳು.

ಸಂಜೆ. ಮಗುವಿನ ಕೋಣೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೆಟ್ಟಿಲಲ್ಲಿ ಚಪ್ಪಲಿ ಬಿಡುವ ಸದ್ದು. ಅಕ್ಕ. ನನ್ನ ಕಡೆ ನೋಡಲಿಲ್ಲ, ನೇರ ಸಿಂಕಿನ ಹತ್ತಿರ ಹೋದಳು. ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುತ್ತಿದ್ದಾಳೆ... ಇನ್ನೂ ತೊಳೆಯುತ್ತಿದ್ದಾಳೆ. "ಸಾಕಮ್ಮ" ಅಂದರು ನರ್ಸ್. ಕುರ್ಚಿಯಲ್ಲಿ ಕೂತಳು. ನರ್ಸ್ ಮಗುವನ್ನು ಎತ್ತಿ ಅವಳ ಎದೆಗೆ ಒರಗಿಸಿದರು. ಅಕ್ಕ ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದಿದ್ದಾಳೆ. ಈಗ ನಿಧಾನಕ್ಕೆ, ಒಂದು ಕೈ ಬೆನ್ನ ಮೇಲೆ—

ಏನೋ ಹೇಳುತ್ತಿದ್ದಾಳೆ ಅವಳಿಗೆ. ಇಲ್ಲಿಗೆ ಕೇಳಿಸುತ್ತಿಲ್ಲ. ಎದ್ದು ಹತ್ತಿರ ಹೋಗಿ ಕೇಳಬೇಕು. ಪೆನ್ನು ಇಡುತ್ತೇನೆ.