ಮೂಲೆ ಬಿಟ್ಟು ಹೊಲಿದ ಹಾಸಿಗೆ

ಅಂಗಡಿಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ, ಭಾವ ಸಿಗರೇಟು ಬಿಟ್ಟರೋ ಅಥವಾ ಬಿಟ್ಟೆನೆಂದು ನಿನ್ನೆದುರು ಹೇಳುವುದನ್ನಷ್ಟೇ ಕಲಿತರೋ ಎಂದು ವಿಚಾರಿಸುವುದು ತಮ್ಮನಾದವನ ಮೊದಲ ಕರ್ತವ್ಯ. ವಿಚಾರಿಸಿದ್ದೇನೆ. ಎರಡನೆಯ ಕರ್ತವ್ಯ, ನಿನ್ನ ತಮ್ಮ ಅಪರಾಧಿಯಾದ ಸುದ್ದಿ ತಿಳಿಸುವುದು. ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ ಒಪ್ಪಿಕೊಳ್ಳುತ್ತೇನೆ: ಮೊನ್ನೆ ಗುರುವಾರ ಎದುರಿನ ಹಾಸಿಗೆ ಅಂಗಡಿಯವನು ಊಟಕ್ಕೆ ಹೋಗಿದ್ದಾಗ, ಅವನು ಹೊರಗೆ ಒರಗಿಸಿಟ್ಟಿದ್ದ ಡಬಲ್ ಹಾಸಿಗೆಯ ಹೊಟ್ಟೆಯನ್ನು ಬ್ಲೇಡಿನಿಂದ ಗೇಣುದ್ದ ಕೊಯ್ದು ಕೈ ಹಾಕಿದೆ. ಮೇಲೆ ಅಂಟಿಸಿದ ಚೀಟಿಯಲ್ಲಿ 'ಅಪ್ಪಟ ಹತ್ತಿ' ಎಂದಿತ್ತು. ಒಳಗೆ ದರ್ಜಿಗಳ ಚಿಂದಿ, ಸ್ಪಂಜಿನ ಚೂರು, ಗುಂಡಿ ಸಮೇತ ಯಾರದೋ ಅಂಗಿಯ ಕಾಲರು, ಜೊತೆ ಕಳೆದುಕೊಂಡ ಒಂದು ಕಾಲುಚೀಲ. ಹತ್ತಿಯೂ ಇತ್ತು, ಸುಳ್ಳು ಹೇಳಬಾರದು. ಎರಡು ಕಿವಿಗೆ ಸಾಕಾಗುವಷ್ಟು.

ಕೈ ಇನ್ನೂ ಒಳಗಿರುವಾಗಲೇ ಅವನು ಹಲ್ಲುಕಡ್ಡಿ ಕಚ್ಚಿಕೊಂಡು ಬಂದ. ಕೂಗಾಡಿದ್ದರೆ ನನಗೂ ಸಮಾಧಾನವಾಗುತ್ತಿತ್ತು. "ಅಣ್ಣಾ, ಕೇಳಿದ್ರೆ ನಾನೇ ಬಿಚ್ಚಿ ತೋರಿಸ್ತಿರಲಿಲ್ವಾ? ಜನ ಮಲಗೋದು ಕಣ್ಣು ಮುಚ್ಕೊಂಡು. ಒಳಗೇನಿದೆ ಅನ್ನೋದು ಯಾರಿಗೆ ಬೇಕು?" ಎಂದು ಬೆನ್ನು ತಟ್ಟಿದ. ನಾನು ಕೊಯ್ದದ್ದನ್ನು ಹೊಲಿಯಲು ಸೂಜಿದಾರ ನನ್ನ ಅಂಗಡಿಯಿಂದಲೇ ಇಸಿದುಕೊಂಡ. ಸಂಜೆಯೊಳಗೆ ಆ ಹಾಸಿಗೆ ಮಾರಾಟವಾಯಿತು. ಸೂಜಿ ವಾಪಸು ಬಂತು. ಆ ವಿಷಯದಲ್ಲಿ ಮನುಷ್ಯ ಪ್ರಾಮಾಣಿಕ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಪುಟ್ಟಿ ವ್ಯಾಪಾರಶಾಸ್ತ್ರ ಓದಿ ಮುಗಿಸಿದ್ದಾಳೆ, ಸಿಕ್ಕಿದ ಎರಡು ಕೆಲಸಗಳನ್ನೂ ಗಿರಾಕಿಗಳಿಗೆ ಸುಳ್ಳು ಹೇಳಲಾರೆನೆಂದು ಬಿಟ್ಟಿದ್ದಾಳೆ, "ಮಾವನ ಅಂಗಡೀಲಾದ್ರೂ ಮರ್ಯಾದೆ ವ್ಯಾಪಾರ ಕಲೀತೀನಿ" ಎಂದು ಹಟ ಹಿಡಿದಿದ್ದಾಳೆ, ಮುಂದಿನ ವಾರ ಕಳಿಸಲೇ ಎಂದು ಬರೆದಿದ್ದೀಯ. ಬೇಡ ಅಕ್ಕಾ. ಅವಳು ಇಲ್ಲಿ ಕಲಿಯುವುದು ಎದುರಂಗಡಿಯವನು ಹೇಗೆ ಗೆಲ್ಲುತ್ತಾನೆ ಎಂಬುದನ್ನು. ಅದನ್ನು ಎಲ್ಲಿ ಬೇಕಾದರೂ ಕಲಿಯಬಹುದು, ನಮ್ಮ ಮನೆಯವರ ಕೈಯಿಂದ ಕಲಿಯುವುದು ಬೇಡ.

ಹಾಗೆಂದು ಅಪ್ಪನ ಹೆಸರು ಕೆಡಿಸಿದ್ದೇನೆ ಎಂದುಕೊಳ್ಳಬೇಡ. ಅಪ್ಪ ಮಾಡಿಟ್ಟ ಪದ್ಧತಿ ನಿನಗೆ ಗೊತ್ತೇ ಇದೆ: ಹತ್ತಿ ತುಂಬಿ ಸುತ್ತ ಹೊಲಿದು, ಒಂದು ಮೂಲೆಯನ್ನು ಮಾತ್ರ ಕೈ ತೂರುವಷ್ಟು ಬಿಡುವುದು, ಗಿರಾಕಿ ಕೈ ಹಾಕಿ, ಹಿಡಿ ಹತ್ತಿ ಹೊರಗೆಳೆದು, ಮೂಸಿ, ತಲೆಯಾಡಿಸಿದ ಮೇಲೆ ಅವರ ಕಣ್ಣೆದುರೇ ಆ ಮೂಲೆ ಹೊಲಿಯುವುದು. "ಬಾಯಿ ಏನು ಬೇಕಾದ್ರೂ ಹೇಳುತ್ತೆ, ಕೈಗೆ ಸಿಕ್ಕಿದ್ದು ಸುಳ್ಳಾಡಲ್ಲ" ಎನ್ನುತ್ತಿದ್ದರಲ್ಲ. ಇಡೀ ಬೀದಿಯಲ್ಲಿ ಮೂಲೆ ಬಿಟ್ಟು ಹೊಲಿಯುವವನು ಈಗ ನಾನೊಬ್ಬನೇ ಎಂದು ಎದೆ ತಟ್ಟಿ ಹೇಳುತ್ತೇನೆ. ಯಾರು ಬೇಕಾದರೂ ಬಂದು ಕೈ ಹಾಕಲಿ. ಚಿಂದಿಯ ಒಂದು ಎಳೆ ಸಿಕ್ಕಿದರೂ ನನ್ನ ಮೀಸೆ ಬೋಳಿಸು.

ಆದರೆ ಕೈ ಹಾಕುವವರೇ ಇಲ್ಲ. ಚಳಿ ಮುಗಿಯುವ ಹೊತ್ತಿಗೆ ಒಬ್ಬರು ಮೇಡಂ ಬಂದಿದ್ದರು, ಶಾಲೆಯಲ್ಲಿ ಪಾಠ ಹೇಳುವವರು. ಹಾಸಿಗೆ ಹಿಡಿದ ತಾಯಿಗೆ ಹಾಸಿಗೆ ಬೇಕಿತ್ತು. ನಾನು ಹರಿಶ್ಚಂದ್ರನ ಮೊಮ್ಮಗನಂತೆ, ಈ ಹತ್ತಿ ಎರಡನೇ ದರ್ಜೆಯದು, ವರ್ಷದೊಳಗೆ ಒತ್ತಿಕೊಂಡು ಗಟ್ಟಿಯಾಗುತ್ತದೆ, ಮತ್ತೆ ಬಿಚ್ಚಿ ಹಿಂಜಿಸಬೇಕಾಗುತ್ತದೆ, ಅದಕ್ಕೇ ಬೆಲೆ ಕಡಿಮೆ ಎಂದೆ. ಅವರು ಮೂಲೆಯವರೆಗೆ ಬಂದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ನೀವಾಗೇ ಇಷ್ಟು ಹೇಳ್ತಿದೀರಿ ಅಂದ್ರೆ, ಹೇಳದೆ ಇರೋದು ಇನ್ನೆಷ್ಟಿದೆಯೋ" ಎಂದು ರಸ್ತೆ ದಾಟಿದರು. ಅಲ್ಲಿ ಯಾವ ದೋಷವನ್ನೂ ಯಾರೂ ಹೇಳಲಿಲ್ಲವಾದ್ದರಿಂದ, ದೋಷವೇ ಇರದ ಹಾಸಿಗೆ ಸಿಕ್ಕಿತು. ಆ ತಾಯಿಯ ಬೆನ್ನಿನ ಕೆಳಗೆ ಈಗ ಯಾರ ಕಾಲರಿದೆಯೋ. ರಾತ್ರಿ ಇದನ್ನು ಹೇಳಿಕೊಂಡಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ನಿಮ್ಮ ಸತ್ಯಾನ ಸ್ಕೂಲ್ ಫೀಸ್ ಕೌಂಟರಲ್ಲಿ ತಗೋತಾರಾ, ವಿಚಾರಿಸಿದ್ರಾ?"

ವರ್ತಕರ ಸಂಘದವರು ಈ ಸಲ 'ವರ್ಷದ ಪ್ರಾಮಾಣಿಕ ವ್ಯಾಪಾರಿ' ಎಂಬ ಫಲಕವನ್ನು ಎದುರಂಗಡಿಯವನಿಗೇ ಕೊಟ್ಟರು. ಭಾಷಣಕಾರರು ಪ್ರಾಮಾಣಿಕತೆಯೇ ದೊಡ್ಡ ಬಂಡವಾಳ ಎಂದರು. ಬಂಡವಾಳ ಎಂದ ಮೇಲೆ ಹಾಕುವುದೂ ತೆಗೆಯುವುದೂ ಇದ್ದದ್ದೇ. ಲಾಭ ಬರುವಷ್ಟು ದಿನ ನೀತಿ, ಬರದಿದ್ದರೆ ಬೇರೆ ಸರಕು. ನಾನೂ ಚಪ್ಪಾಳೆ ತಟ್ಟಿದೆ, ಎರಡು ಕೈ ಇದ್ದ ತಪ್ಪಿಗೆ. ಹತ್ತಿ ಇಕ್ಕುವವನನ್ನು ಎಲ್ಲರೂ ಸೇರಿ ಹತ್ತಿಕ್ಕುವ ಕಾಲ ಇದು. ನಗು ಅಕ್ಕಾ; ನನ್ನನ್ನು ಕಾಲೇಜಿಗೆ ಕಳಿಸಿದವಳು ನೀನು, ನಾನು ಅಲ್ಲಿ ಕಲಿತದ್ದು ಇಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು, ಹಾಸಿಗೆ ಮಾರುವವನು ಎಷ್ಟು ಚಾಚಬೇಕೆಂದು ಹೇಳದೇ ಹೋದರು. ನೀತಿ, ವ್ಯಾಪಾರ ಎರಡೂ ಒಂದೇ ಹಾಸಿಗೆಯಲ್ಲಿ ಮಲಗಬಹುದೇ ಎಂದು ಪುಟ್ಟಿ ಕೇಳಿದರೆ ಹೇಳು: ಮಲಗಬಹುದು, ಆದರೆ ನಿದ್ದೆ ಬರುವುದು ಒಬ್ಬರಿಗೆ ಮಾತ್ರ. ಒಂದು ಕಾಲಕ್ಕೆ ಇದನ್ನು ತಮಾಷೆಗೆ ಹೇಳುತ್ತಿದ್ದೆ. ಈಗ ಹೇಳಿದರೆ ನನಗೇ ನಗು ಬರುವುದಿಲ್ಲ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಆಶೀರ್ವಾದ, ಮಾವನಿಗೆ ಅವಳ ಮೇಲೆ ಕೋಪವಿಲ್ಲ ಎನ್ನು. ನೀನು ಮೆಟ್ಟಿಲು ಹತ್ತುವುದು ಕಡಿಮೆ ಮಾಡು.

ಇಂತಿ ನಿನ್ನ ತಮ್ಮ,
ಹಾಸಿಗೆ ಅಂಗಡಿಯ ಸದ್ಯದ ಮಾಲೀಕ

ಮರೆತದ್ದು: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಪುಟ್ಟಿಯನ್ನು ಕಳಿಸಬೇಡ ಎಂದದ್ದಕ್ಕೆ ಮೇಲೆ ಕೊಟ್ಟ ಕಾರಣಗಳೆಲ್ಲ ನಿಜ, ಆದರೆ ನಿಜವಾದ ಕಾರಣ ಅವಲ್ಲ. ಆ ಮೇಡಂ ಹೋದ ಮರುವಾರದಿಂದ ಎದುರಂಗಡಿಗೆ ಚಿಂದಿ ತರುವ ಗಾಡಿ ನಮ್ಮ ಹಿಂಬಾಗಿಲಿಗೂ ಬರುತ್ತಿದೆ. ಮೂಲೆ ಈಗಲೂ ಬಿಡುತ್ತೇನೆ. ಮೂಲೆಯಲ್ಲಿ ಈಗಲೂ ಒಳ್ಳೆಯ ಹತ್ತಿಯೇ ಇರುತ್ತದೆ. ಅಲ್ಲಿಂದ ಒಳಕ್ಕೆ ನನ್ನ ತೋಳು ಹೋಗುವಷ್ಟು ದೂರ, ಅಳೆದೇ ತುಂಬಿಸುತ್ತೇನೆ. ಅದರಾಚೆ ಕೇಳಬೇಡ. ಕಳೆದ ಸಲ ಬಂದಿದ್ದಾಗ, ನಾನು ಸ್ಟೂಲ್ ತರುವಷ್ಟರಲ್ಲಿ ಪುಟ್ಟಿ ನಿಂತಲ್ಲಿಂದಲೇ ಅಟ್ಟದ ಡಬ್ಬ ತೆಗೆದುಕೊಟ್ಟಿದ್ದಳು. ಅವಳ ತೋಳು ನನ್ನದಕ್ಕಿಂತ ಉದ್ದ.